ಬಾಯಿಗಡ್ಡ ಕೈ

ಪಾಕ ನೋಡುವುದನ್ನು ಅವ್ವ ನನಗೆ ಕಲಿಸಲಿಲ್ಲ.
ಕೆರಗೋಡಿನ ರಸ್ತೆಯಲ್ಲಿ ನಾಲೆ ದಾಟಿದರೆ ಆಲೆಮನೆ,
ರಚ್ಚಿನ ರಾಶಿ ಮೇಲೆ ನಾನು, ಮೂಗು ಸೋರಿಸಿಕೊಂಡು,
ಕೆಳಗೆ ಕೊಪ್ಪರಿಗೆ ಮುಂದೆ ನಿಂಗಾಜಮ್ಮ, ನನ್ನವ್ವ,
ಅಷ್ಟು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು.

ಮೊದಲು ತಣ್ಣೀರಿಗೆ ಕೈ.
ಆಮೇಲೆ ಕುದಿಯುವುದರೊಳಗೆ, ಹೌದು, ಕುದಿಯುವುದರೊಳಗೇ
ಮೂರು ಬೆರಳು, ರೆಪ್ಪೆ ಬಡಿಯುವಷ್ಟು ಹೊತ್ತು.
ಮತ್ತೆ ತಣ್ಣೀರು.
ಉಂಡೆ ಕಟ್ಟಿ ಕೊಳಗದ ಅಂಚಿಗೆ ಹೊಡೆದರೆ
ಟಣ್ ಅನ್ನಬೇಕು. ಅಂದರೆ, "ಇಳಿಸ್ರೋ!"
ಅದಕ್ಕೂ ಮುಂಚೆ ಒಮ್ಮೆ
ಬಲಗಾಲ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದಳು.
ಯಾಕೋ ಗೊತ್ತಿಲ್ಲ. ನಾನೂ ಒತ್ತುತ್ತೇನೆ.
ಒಂದು ದಿನ ಒತ್ತದೆ ನೋಡಿದೆ, ಬೆಲ್ಲ ಕೆಟ್ಟಿತು.
ಕಬ್ಬು ಚೌಳು ನೆಲದ್ದು ಅಂದರು. ಇರಬಹುದು.

ನಗುವುದನ್ನು ಕಲಿತದ್ದೂ ಹೀಗೆಯೇ.
ನಗು ಬಂದರೆ ಅವ್ವನ ಅದೇ ಬಲಗೈ ಏಳುತ್ತಿತ್ತು,
ಬೆರಳು ಜೋಡಿಸಿ, ಮೂಗಿನ ಕೆಳಗೆ,
ಬಾಗಿಲು ಮುಂದೆ ಮಾಡಿದ ಹಾಗೆ.
ನಗುವೆಲ್ಲ ಕಣ್ಣಿಂದ, ಭುಜದಿಂದ ಆಚೆ.
ಹೆಂಗಸರು ನಗುವುದೇ ಹೀಗೆ ಅಂದುಕೊಂಡೆ,
ಸೀರೆಗೆ ನೆರಿಗೆ ಇದ್ದ ಹಾಗೆ ನಗುವಿಗೆ ಕೈ.
ನನ್ನ ಹಲ್ಲು ಸೋರೆ ಬೀಜ ಜೋಡಿಸಿಟ್ಟ ಹಾಗಿವೆ, ಸುಳ್ಳಲ್ಲ.
ಆದರೂ ಮದುವೆ ಆಲ್ಬಮ್ಮಿನಲ್ಲಿ ನನಗೆ ಬಾಯೇ ಇಲ್ಲ.

ಅವ್ವನಿಗೆ ಮುಂದಿನ ಹಲ್ಲೊಂದಿಲ್ಲ, ಪಕ್ಕದ್ದು ಅರ್ಧ.
"ಕೊಪ್ಪರಿಗೆ ಎತ್ತೋ ಗಳ ಜಾರಿ ತಗುಲ್ತು ಕಣೆ,
ನೀನಿನ್ನೂ ತೊಟ್ಲಲ್ಲಿದ್ದೆ, ಮಾರ್ಲಾಮಿ ಅಮಾಸೆ ದಿನ."
ನೂರು ಸಲ ಕೇಳಿದ್ದೆ.
ಮೂವತ್ತು ದಾಟಿದ ಮೇಲೆ, ಒಲೆಗೆ ರಚ್ಚು ತಳ್ಳುತ್ತಿರುವಾಗ,
ಹೊಳೆಯಿತು:
ಮಾರ್ಲಾಮಿ ಅಮಾಸೆಗೆ ನಮ್ಮಲ್ಲಿ ಗಾಣ ತಿರುಗುವುದಿಲ್ಲ.
ಒಲೆ ಹಚ್ಚುವುದಿಲ್ಲ. ಕೊಪ್ಪರಿಗೆ ಬೋರಲು.
ಎಲ್ಲರೂ ಮನೆಯಲ್ಲೇ ಇರುತ್ತಾರೆ.
ಅಪ್ಪನೂ.

ಕೇಳಲಿಲ್ಲ. ಇನ್ನೊಂದು ಹೊರೆ ರಚ್ಚು ತಳ್ಳಿದೆ.

ಮೊನ್ನೆ ಗುತ್ತಲಿನ ಸ್ಕೂಲಿಂದ ಗ್ರೂಪ್ ಫೋಟೋ ಬಂತು.
ಎರಡನೇ ಸಾಲಲ್ಲಿ ನನ್ನ ಚಂದನಾ, ಬಾಯಿಗೆ ಅಡ್ಡ ಕೈ.
ಪಕ್ಕದಲ್ಲಿ ಅವಳ ಗೆಳತಿ ಫರ್ಹೀನ್, ಅಡ್ಡ ಕೈ.
ಅವಳ ಪಕ್ಕದವಳೂ.
ತುದಿಯ ಹುಡುಗನೊಬ್ಬನ ಕೈ ಇನ್ನೂ ದಾರಿಯಲ್ಲಿತ್ತು.
"ಇದೇನು ಹೊಸ ಫ್ಯಾಷನ್ನಾ?" ಅಂದರು ಮಿಸ್ಸು.
ಫರ್ಹೀನಳ ಅಜ್ಜಿಗೆ ಮೂವತ್ತೆರಡೂ ಹಲ್ಲು ಗಟ್ಟಿ,
ಈಗಲೂ ಕಬ್ಬು ಸಿಗಿಯುತ್ತಾರಂತೆ.

"ಕೈ ತೆಗಿ" ಅಂದೆ ಮಗಳಿಗೆ.
"ನೀನ್ ತೆಗಿ ಮೊದ್ಲು" ಅಂದಳು.

ಸರಿ, ಕನ್ನಡಿ ಮುಂದೆ ನಿಂತೆ.
ನಗು ಬಾರದೆ ನಗುವುದು ಎಷ್ಟು ನಾಚಿಕೆ.
ಬಂದಾಗ ಕೈ ನನಗಿಂತ ಮುಂದೆ.
ಬಲಗೈಗೆ ನೀರಿನ ಕೊಡ ಕೊಟ್ಟು ನಕ್ಕೆ,
ಎಡಗೈ ಎದ್ದಿತು.
ಅದು ಯಾವಾಗ ಬಲಗೈಯನ್ನು ನೋಡಿಕೊಂಡಿತ್ತೋ!

ಭಾನುವಾರ ಚಂದನಾ ಆಲೆಮನೆಗೆ ಬಂದಳು.
ಕೊಪ್ಪರಿಗೆ ಹತ್ತಿರ ಬಿಡಲಿಲ್ಲ ನಾನು.
ಆರುವ ಬೆಲ್ಲಕ್ಕೆ, ಅಚ್ಚಿನ ಮಣೆ ಮುಂದೆ ಕೂರಿಸಿದೆ.
ಯಾರೂ ಹೇಳದೆ ತಣ್ಣೀರಲ್ಲಿ ಕೈ ಅದ್ದಿದಳು,
ಯಾರೂ ಹೇಳದೆ
ಬಲಗಾಲ ಹೆಬ್ಬೆರಳು ನೆಲಕ್ಕೆ.

ಅಷ್ಟರಲ್ಲಿ ಗಾಣದ ಸಿದ್ದರಾಜು, ಮೊಬೈಲಲ್ಲಿ ಬೈಯುತ್ತ ಬೈಯುತ್ತ,
ಮಡ್ಡಿ ಗುಂಡಿಯಲ್ಲಿ ಜಾರಿ ಕೂತ.
ನಗು ಉಕ್ಕಿತು ಮಗಳಿಗೆ.
ಎರಡು ಕೈಯೂ ಮಣಿಕಟ್ಟಿನ ತನಕ ಬೆಲ್ಲ.
ಬಲಗೈ ಎದ್ದಿತು, ಗಲ್ಲದ ಹತ್ತಿರ ನಿಂತಿತು,
ಎಳೆ ಎಳೆಯಾಗಿ ಇಳಿಯುತ್ತ ಬೆಲ್ಲ.
ಬಾಯಿ ಅಗಲ ತೆರೆದೇ ಇತ್ತು,
ಬಿದ್ದ ಹಲ್ಲಿನ ಸಂದಿಯಲ್ಲಿ ಹೊಸದೊಂದರ ಬಿಳಿ ಮೊನೆ.

ಆಚೆ ಕಲ್ಲಿನ ಮೇಲೆ ಅವ್ವ,
ರಚ್ಚಿನ ರಾಶಿ ಮೇಲೆ ಕೂತು ಆಗ ನಾನು ನೋಡುತ್ತಿದ್ದ ಹಾಗೆ
ಮೊಮ್ಮಗಳನ್ನೇ ನೋಡುತ್ತಿದ್ದಳು.
ಮಡಿಲಲ್ಲಿದ್ದ ಅವಳ ಕೈ ಒಮ್ಮೆ ಅಲುಗಿತು.
ಎದ್ದಿತೋ, ಅಲ್ಲೇ ಕೂತಿತೋ,
ಗಾಳಿ ತಿರುಗಿ ಒಲೆಯ ಹೊಗೆ ನಡುವೆ ಬಂತು.