ಮೂವತ್ತಾರು ಮೊಳ

ಮೊಳ ಹಾಕಿ ಅಳೆದೆ, ಹೂವಾಡಗಿತ್ತಿಯ ಹಾಗೆ,
ಮೊಣಕೈಯಿಂದ ನಡುಬೆರಳ ತುದಿಗೆ.
ನಲ್ಲಿ ಕಟ್ಟೆಯಿಂದ ಹೊರಟು, ಕರಿಬೇವು ಬಳಸಿ,
ಸೀಬೆ ಬುಡದಲ್ಲಿ ತಿರುಗಿ,
ಬಟ್ಟೆ ಒಗೆಯುವ ಕಲ್ಲಿನ ಹಿಂದಿನಿಂದ
ಮತ್ತೆ ನಲ್ಲಿ ಕಟ್ಟೆಗೆ:
ಮೂವತ್ತಾರು ಮೊಳ.
ಮರಳೂರು ದಿಣ್ಣೆಯಲ್ಲಿ
ಇದಕ್ಕಿಂತ ಉದ್ದದ ಲೈನು ಬೇರೆ ಯಾರ ಮನೇಲೂ ಇಲ್ಲ.
ಗಿಡ್ಡದ್ದೂ ಇಲ್ಲ.

ಇಪ್ಪತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಬಿಳಿ ಕೋಟು ತೊಟ್ಟು, ಕಣ್ಣಿಗೆ ಮಸೂರ ಸಿಕ್ಕಿಸಿ,
ಉಸಿರು ಬಿಗಿಹಿಡಿದು ಕೂರಿಸುತ್ತಿದ್ದೆ
ಕೂದಲಿಗಿಂತ ತೆಳ್ಳನೆ ಸ್ಪ್ರಿಂಗು.
ಸೀನಿದರೆ ದಿನದ ಸಂಬಳ ಹಾರಿಹೋಯಿತು ಅನ್ನುತ್ತಿದ್ದಳು
ಪಕ್ಕದ ಬೆಂಚಿನ ಮೆಹಬೂಬಿ.
ಬಾಗಿಲು ಮುಚ್ಚಿದ ದಿನ
ಚಿಮಟ ನನ್ನ ಚೀಲದಲ್ಲೇ ಉಳಿದಿತ್ತು. ಕದ್ದದ್ದಲ್ಲ.
ಸರಿ, ಕದ್ದದ್ದೇ.

ಆ ಚಿಮಟಕ್ಕೆ ಈಗ ಹಳಿಯಿಂದ ಇರುವೆ ಎತ್ತುವ ಕೆಲಸ.

ಕ್ರಷರಿನ ಪುಡಿಗೆ ಮೂರು ಜರಡಿ ಹಿಡಿದೆ.
ದಪ್ಪದ್ದು ಅಂಗಳಕ್ಕೆ, ಹಿಟ್ಟು ಬಚ್ಚಲ ಬಿರುಕಿಗೆ,
ನಡುವಿನದು, ಹೆಸರುಕಾಳಿನಷ್ಟು, ಹಳಿಯಡಿಗೆ.
ಸ್ಲೀಪರು ಬೇವಿನದು, ಗ್ಯಾರೇಜಿನ ಕರಿ ಆಯಿಲಿನಲ್ಲಿ
ಒಂಬತ್ತು ರಾತ್ರಿ ನೆನೆಸಿದ್ದು.
ಗೆದ್ದಲಿಗೆ ಅದೂ ಉಪ್ಪಿನಕಾಯಿ.
ಎಂಜಿನ್ನು ಚಿಕ್ಕಪೇಟೆಯ ಆಟಿಕೆ ಅಂಗಡಿಯದು,
ಮೋಟರು ಕೆಟ್ಟ ಟೇಪ್‌ರೆಕಾರ್ಡರಿನದು,
ಸುರಂಗ ತಳ ಒಡೆದ ಮಡಕೆ, ಅಡ್ಡ ಮಲಗಿಸಿದ್ದು.
ಅದರೊಳಗೊಂದು ಕಪ್ಪೆ. ಆಷಾಢದಿಂದ ಬಾಡಿಗೆ ಕೊಟ್ಟಿಲ್ಲ.
ಗಾಡಿ ಬಂದರೆ ಒಂದಿಷ್ಟೇ ಸರಿದು
ಹೋದ ಮೇಲೆ ಮತ್ತೆ ನಟ್ಟನಡುವೆ ಕೂರುತ್ತದೆ,
ಶಿರಾ ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ.

ಕಟ್ಟಿದ್ದು ಎರಡು ತಿಂಗಳು.
ಕಟ್ಟಿದ್ದನ್ನೇ ಕಟ್ಟುತ್ತಿರುವುದು ಉಳಿದ ವರ್ಷವೆಲ್ಲ.
ಬೆಳಿಗ್ಗೆ ಎದ್ದು ರಬ್ಬರಿನಿಂದ ಹಳಿಯ ಕಿಲುಬು ಉಜ್ಜು.
ಸೀಬೆ ಎಲೆ ಆಯಿ. ಬಸವನಹುಳು ಎಳೆದ ಅಂಟಿನ ಗೆರೆ ಒರೆಸು,
ಇಲ್ಲವಾದರೆ ಕರೆಂಟು ಅಲ್ಲೇ ನಿಲ್ಲುತ್ತದೆ,
ಬೆಸ್ಕಾಂಗೆ ದೂರು ಕೊಡುವಂತಿಲ್ಲ.
ಅಳಿಲು ಹೂತಿಟ್ಟ ಕಡಲೇಬೀಜ ಮೊಳೆತು
ಪ್ಲಾಟ್‌ಫಾರಮ್ಮಿನ ಮೂಲೆ ಎತ್ತಿದೆ.
ಕಿತ್ತರೆ ಪಾಪ, ಬಿಟ್ಟರೆ ಸ್ಟೇಷನ್ ಮಾಸ್ತರು ಓರೆ.

ಹೋದ ಚೈತ್ರದಲ್ಲಿ ಗಾಡಿ ಬೀಳತೊಡಗಿತು.
ಸೀಬೆಯ ತಿರುವಿನಲ್ಲಿ, ದಿನಾ ಮಧ್ಯಾಹ್ನ ಎರಡಕ್ಕೆ, ಅಲ್ಲೇ.
ಮಸೂರ ಹಾಕಿ ನೋಡಿದೆ. ರಸಮಟ್ಟ ಇಟ್ಟು ನೋಡಿದೆ.
ಕೂದಲಷ್ಟೂ ತಪ್ಪಿಲ್ಲ.

ಹಿಂದಿನ ವಠಾರದ ಕಂಬದರಂಗಯ್ಯ
ಕ್ಯಾತ್ಸಂದ್ರದ ಕಡೆ ಕೀಮ್ಯಾನು. ಹೆಗಲಲ್ಲಿ ಸುತ್ತಿಗೆ ಹೊತ್ತು
ದಿನಕ್ಕೆ ಆರು ಕಿಲೋಮೀಟರು ಹಳಿಗುಂಟ ನಡೆಯುವವನು.
ರಜೆಯ ದಿನ ಕಾಂಪೌಂಡಿನಾಚೆ ಬೀಡಿ ಸೇದುತ್ತ
ತಿಂಗಳುಗಟ್ಟಲೆ ನೋಡುತ್ತಿದ್ದ. ಒಮ್ಮೆಯೂ ನಕ್ಕಿರಲಿಲ್ಲ.
ಅಂದು ಬೀಡಿ ಆರಿಸಿ, ಚಪ್ಪಲಿ ಬಿಟ್ಟು ಬಂದ.
ಮೊಣಕಾಲೂರಿದ. ಮೊಳೆಯೊಂದರಿಂದ ಹಳಿ ತಟ್ಟಿ
ಕಿವಿಯಿಟ್ಟ. ಗೇಣು ಸರಿದ, ಮತ್ತೆ ತಟ್ಟಿದ.
ಟಿಣ್. ಟಿಣ್. ಟಿಣ್.
ಟಕ್.

"ಅಕ್ಕಾರೆ, ಇಲ್ಲಿ ಹಳಿಗೆ ಉಸುರು ಕಟ್ಟೈತೆ.
ನೀವು ಸಂದೇ ಬಿಟ್ಟಿಲ್ವಲ್ಲ."

ಸಂದು!
ಸಂದು ಇರಕೂಡದೆಂದೇ
ಇಪ್ಪತ್ತೊಂದು ವರ್ಷ ಸಂಬಳ ಎಣಿಸಿದ ಕೈ ಇದು.
ಹಳಿಗೆ ಹಳಿ ಕೂಡಿದಲ್ಲಿ ಉಗುರು ತೂರದ ಹಾಗೆ ಅರ ಹಾಕಿ
ಯಾರಿಗೂ ಹೇಳದೆ ಹಿಗ್ಗಿದ್ದೆ.

ಜೇಬಿನ ಬಸ್ ಟಿಕೆಟ್ಟು ಎರಡು ಮಡಿಕೆ ಮಾಡಿ ತೋರಿಸಿದ, ಇಷ್ಟು.
"ಕಬ್ಣಕ್ಕೂ ಮಧ್ಯಾಹ್ನ ಮೈ ಚಾಚ್ಬೇಕು ಅನ್ಸಲ್ವಾ?"

ಹನ್ನೆರಡು ಕಡೆ ಸಂದು ಬಿಟ್ಟೆ.
ಮನಸ್ಸಿಲ್ಲದೆ ಬಿಟ್ಟೆ, ಒಂದೊಂದಕ್ಕೂ ಟಿಕೆಟ್ಟು ತೂರಿಸಿ.
ಈಗ ಗಾಡಿ ಬೀಳುವುದಿಲ್ಲ,
ಮೊದಲಿನಂತೆ ಸದ್ದಿಲ್ಲದೆ ಹೋಗುವುದೂ ಇಲ್ಲ.
ಸಂದು ದಾಟುವಾಗೆಲ್ಲ ಟಿಕ್ ಟಿಕ್,
ತುಸು ತಡೆದು, ಟಿಕ್ ಟಿಕ್.

ಮೆಹಬೂಬಿಗೆ ಫೋನು ಮಾಡಿ
ಹಳಿಯ ಪಕ್ಕ ಹಿಡಿದು ಕೇಳಿಸಿದೆ.
ಒಂದು ಸುತ್ತು ಪೂರ್ತಿ ಕೇಳಿದಳು.
"ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತೆ?" ಅಂದಳು.

ಕಪ್ಪೆಯನ್ನು ಕೇಳಿ ಹೇಳ್ತೀನಿ, ಅಂದೆ.