ಒತ್ತಿ ಬಿಟ್ಟಾಗ

ಬಂದರಿನ ಓಣಿಯಲ್ಲಿ, ಒಣಮೀನಿನ ಗೋದಾಮು ದಾಟಿದರೆ
ಪುತ್ತುಮೋನಾಕನ ಅಂಗಡಿ. ಬೋರ್ಡಿಲ್ಲ.
ಮೇಜಿನ ಮೇಲೆ ಎರಡು ಜೋಡಿ ಶಾಕಪ್.
ಒಂದು ಕಂಪನಿಯದ್ದು, ಕಪ್ಪು, ಮಾತು ಕಡಿಮೆ.
ಇನ್ನೊಂದು ಕೆಂಪು. ಮದುಮಗನ ಪೇಟದ ಕೆಂಪು.
ರಟ್ಟಿನ ಪೆಟ್ಟಿಗೆಯ ಮೇಲೆ ಬಾಯ್ತೆರೆದ ಹುಲಿ,
ಅದರ ಕೆಳಗೆ ಎರಡು ವರ್ಷದ ಗ್ಯಾರಂಟಿ,
ಕಾಗುಣಿತ ತಪ್ಪಿದ ಆಣೆ.

ಅರ್ಧಕ್ಕಿಂತ ಕಡಿಮೆ ರೇಟಲ್ವಾ ಮೋನಾಕ, ಅಂದೆ.
ಅವರು ಒಂದೊಂದು ಕೈಗೆ ಒಂದೊಂದು ಎತ್ತಿಕೊಂಡು
ದಕ್ಕೆಯಲ್ಲಿ ಅಂಜಲ್ ತೂಗುವವರ ಹಾಗೆ ತೂಗಿದರು.

ಬಣ್ಣ ನೋಡ್ಬೇಡ ಲೋಕಯ್ಯ.
ಮೀನಿನ ಕಿವಿರಿಗೂ ಈಗ ಬಣ್ಣ ಹಚ್ಚುವವರಿದ್ದಾರೆ.
ಬೆಸುಗೆ ಮುಟ್ಟು. ಇಲ್ಲಿ ಇರುವೆ ಸಾಲು,
ಇಲ್ಲಿ ಅವಸರದಲ್ಲಿ ಹೊಲಿದ ಗೋಣಿಚೀಲ.
ರಾಡಿಗೆ ಉಗುರು ಎಳೆ.
ಉಗುರು ತಡೆದಲ್ಲಿ ಬರುವ ಆಟಿಗೆ ತುಕ್ಕು,
ತುಕ್ಕು ಸೀಲನ್ನು ಕೊರೆಯುತ್ತದೆ, ಎಣ್ಣೆ ಹೊರಗೆ.
ರಬ್ಬರ್ ಮೂಸು. ಎಂತ ವಾಸನೆ?
ಸುಟ್ಟ ಹವಾಯಿ ಚಪ್ಪಲಿ, ಅಂದೆ.
ಹಾಂ.

ಈಗ ಒತ್ತು. ಮೈಭಾರ ಹಾಕಿ ಒತ್ತು, ಬಿಡು.

ಕಪ್ಪು ಮೆಲ್ಲ ಎದ್ದಿತು,
ಮೊಣಕಾಲಿಗೆ ಕೈಯೂರಿ ಏಳುವ ಹಿರಿಯರಂತೆ.
ಕೆಂಪು ಮೊದಲ ಅಂಗುಲ ಪುಸಕ್ಕನೆ ಇಳಿದು
ಆಮೇಲೆ ಏನೋ ನೆನಪಾದಂತೆ ಬಿಗಿಯಿತು.
ನಾನು ನಕ್ಕೆ. ಅವರು ನಗಲಿಲ್ಲ.
ಮಲಗಿಸಿಟ್ಟರೆ ಒಳ್ಳೆಯದಕ್ಕೂ ಗಾಳಿ ಹಿಡಿಯುತ್ತದೆ ಮಾರಾಯ,
ನಿಲ್ಲಿಸಿ ನಾಲ್ಕು ಸಲ ಒತ್ತು.
ಐದನೆಯ ಸಲವೂ ಹಾಗೇ ಮಾಡಿದರೆ ಮಾತ್ರ ಅದರ ಗುಣ.

ಐದನೆಯ ಸಲ ಅದು ಹಾಗೆ ಮಾಡಲಿಲ್ಲ.
ಪೂರ್ತಿ ಸರಿಯಾಗಿಯೂ ಇರಲಿಲ್ಲ.
ನನ್ನ ಕಿಸೆಯಲ್ಲಿ ಇದ್ದದ್ದು ಕೆಂಪಿನ ದುಡ್ಡು.
ಮೋನಾಕ ಬೇಡ ಅನ್ನಲಿಲ್ಲ.
ಮಗಳ ಆಲ್ಟೋಗೂ ಇದೇ ಹಾಕಿದ್ದೇನೆ, ಅಂದರು,
ತಿಂಗಳಿಗೊಮ್ಮೆ ಅಡಿಗೆ ಬಗ್ಗಿ ನೋಡ್ತೇನೆ.

*

ಸೋಮವಾರ, ಗುರುವಾರ, ಬೆಳಗ್ಗೆ ಆರೂವರೆ.
ಕುಳಾಯಿಯಿಂದ ದೇರಳಕಟ್ಟೆಗೆ
ಓಮ್ನಿಯ ಹಿಂದಿನ ಸೀಟಿನಲ್ಲಿ ಸೆವ್ರಿನ್ ಬಾಯಿ.
ಹೋಗುವಾಗ ನಲ್ವತ್ತೊಂದು ಕಿಲೋ,
ಡಯಾಲಿಸಿಸ್ ಮುಗಿಸಿ ಬರುವಾಗ ಮೂವತ್ತೊಂಬತ್ತು.
ತೂಕ ಅವರೇ ಹೇಳುತ್ತಾರೆ, ಪೇಟೆ ಧಾರಣೆ ಹೇಳಿದ ಹಾಗೆ.
ಸೂಜಿ ಚುಚ್ಚುವ ಕೈ ಮಡಿಲಲ್ಲಿ, ಹೊಸ ಮಗುವಿನಂತೆ.
ಇನ್ನೊಂದರಲ್ಲಿ ತೇರ್ಸಿನ ಮಣಿ.

ಹಳೆಯ ಶಾಕಪ್ಪಿನಲ್ಲಿ ಕುಳೂರು ಸೇತುವೆ ಬಂತೆಂದರೆ
ಮಣಿ ಜಾರುತ್ತಿತ್ತು.
ಎಷ್ಟನೆಯದೆಂದು ಮರೆತು ಮತ್ತೆ ಮೊದಲಿನಿಂದ.
ನಂತೂರಿನಲ್ಲಿ ಮತ್ತೆ. ನೇತ್ರಾವತಿ ಸೇತುವೆಯ
ಒಂದೊಂದು ಸಂದಿಗೂ ಟಕ್, ಟಕ್,
ಅವರ ತುಟಿಯಲ್ಲಿ ಅರ್ಧಕ್ಕೆ ನಿಂತ ನಮೊ ಮರಿಯೆ.
ಆಸ್ಪತ್ರೆ ಬಂದರೂ ತೇರ್ಸ್ ಮುಗಿದ ದಿನವಿಲ್ಲ.

ಕೆಂಪು ಹಾಕಿದ ಮೊದಲ ಗುರುವಾರ
ಜೆಪ್ಪಿನಮೊಗರು ದಾಟುವಾಗ
ಕನ್ನಡಿಯಲ್ಲಿ ಅವರು ಶಿಲುಬೆಗೆ ಮುತ್ತಿಟ್ಟು
ಸರವನ್ನು ಡಬ್ಬಿಗೆ ಹಾಕಿದರು.
ರಸ್ತೆ ಸರಿ ಮಾಡಿದ್ದಾರಾ ಲೋಕಯ್ಯ?
ಹೌದು ಬಾಯಿ, ಅಂದೆ.

*

ಐದು ತಿಂಗಳಾಯಿತು.
ಅಡಿಗೆ ಬಗ್ಗಿ ನೋಡಿದೆ. ಒಣಗಿಯೇ ಇದೆ,
ಧೂಳು ಧೂಳಾಗಿಯೇ ಇದೆ, ಅಂಟಿಲ್ಲ.
ಆದರೆ ಮೊನ್ನೆಯಿಂದ ಬಾಯಿಯ ಕೈ
ಕುಳೂರು ಇನ್ನೂ ಅರ್ಧ ಮೈಲಿ ಇರುವಾಗಲೇ
ಸೀಟಿನ ಹಿಡಿಕೆ ಹುಡುಕುತ್ತಿದೆ.
ಅವರು ಏನೂ ಹೇಳಿಲ್ಲ. ನಾನೂ ಕೇಳಿಲ್ಲ.
ಎಣ್ಣೆ ಒಸರುವ ಮೊದಲೇ
ಗೊತ್ತಾಗುತ್ತದೆ ಕೆಲವು ಮೈಗಳಿಗೆ.

ಬೆಳಗ್ಗೆ ಅವರ ಗೇಟಿನೆದುರು, ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ
ಬಂಪರಿಗೆ ಮೊಣಕಾಲಿಟ್ಟು ಒತ್ತಿ ಬಿಡುತ್ತೇನೆ.
ಒಂದು ಸಲ ಎದ್ದು ನಿಂತರೆ ಸರಿ, ಅಂದಿದ್ದರು ಮೋನಾಕ.

ಒಂದು.
ಒಂದೂವರೆ.

ಹತ್ತಿ ಬಾಯಿ, ತಡವಾಯ್ತು.