ಎರಡನೇ ಒಲೆ

ಸೂರ್ ಊರಿನ ಮೀನಿನ ಕೋಲ್ಡ್ ಸ್ಟೋರೇಜು, ರಾತ್ರಿ ಒಂದೂಮುಕ್ಕಾಲು.
ಒಳಗೆ ಮೈನಸ್ ಹದಿನೆಂಟು, ಹೊರಗೆ ಮೂವತ್ತನಾಲ್ಕು,
ನಡುವಿನ ಗಾಜಿನ ಗೂಡಿನಲ್ಲಿ ನಾನು, ಒಂದು ಕಂಪ್ಯೂಟರು,
ಲೇಬಲ್ ಉಗುಳದ ಒಂದು ಪ್ರಿಂಟರು.

ಬೆಳಗಿನ ಬಾಂಗಿಗೆ ಮುಂಚೆ ದುಬೈ ಲಾರಿ ಹೊರಡಬೇಕು.
ನಾನೂರ ಹನ್ನೆರಡು ಪೆಟ್ಟಿಗೆ ಅಂಜಲ್
ಹೆಸರಿಲ್ಲದೆ ನಿಂತಿವೆ.
ಇಲ್ಲಿ ಅದಕ್ಕೆ ಕನ್‌ಅದ್ ಎನ್ನುತ್ತಾರೆ;
ಮೊದಲ ದಿನ, ನನ್ನ ಭಾಷೆಯನ್ನೇ ಯಾರೋ ಕರೆದರೆಂದು
ತಿರುಗಿ ನೋಡಿದ್ದೆ.
ತಾರೀಖಿಲ್ಲದ ಮೀನು ಗಡಿ ದಾಟುವುದಿಲ್ಲ,
ನನ್ನ ಹಾಗೆಯೇ.

ಪರದೆಯ ಮೇಲೆ ಕೆಂಪಕ್ಷರದ ವ್ಯಾಜ್ಯ.
ತಕ್ಕಡಿಯ ಪ್ರೋಗ್ರಾಮಿಗೆ ಹೊಸ ಲೈಬ್ರರಿಯೇ ಬೇಕಂತೆ,
ಮೂರಕ್ಕಿಂತ ಕೆಳಗಿನದನ್ನು ಮುಟ್ಟುವುದಿಲ್ಲವಂತೆ.
ಲೇಬಲಿನ ಪ್ರೋಗ್ರಾಮಿಗೆ ಹಳೆಯದೇ,
ಎರಡು ದಾಟಿದರೆ ಬಾಯಿ ಬಿಡುವುದಿಲ್ಲ.
ಹೊಸದನ್ನು ಹಾಕಿದೆ: ತಕ್ಕಡಿ ಎದ್ದಿತು, ಲೇಬಲ್ ಸತ್ತಿತು.
ಹಳೆಯದನ್ನು ತಂದೆ: ಲೇಬಲ್ ಎದ್ದು ತಕ್ಕಡಿ ಮಲಗಿತು,
ಸುಮ್ಮನೆ ಮಲಗದೆ
ಗಡಿಯಾರ ಸರಿಪಡಿಸುವ ಬಡಪಾಯಿಯನ್ನೂ ಎಳೆದುಕೊಂಡಿತು.
ಒಂದನ್ನು ಕಿತ್ತರೆ ನಲವತ್ತೇಳು ಬೇರು ಸಮೇತ ಬರುತ್ತವೆ.
ಮುಂದುವರಿಯಲೇ? ಎಂದು ಕೇಳುತ್ತದೆ ಯಂತ್ರ,
ಬಹಳ ಮರ್ಯಾದೆಯಿಂದ.

ಗುರುವಾರ ಸಂಜೆ ಇದೇ ಪ್ರಶ್ನೆಗೆ
ಹೌದು, ಹೌದು, ಎಲ್ಲಕ್ಕೂ ಹೌದು ಎಂದು ಒತ್ತಿ ಎದ್ದವನು ನಾನೇ.
ರೂಮಿನಲ್ಲಿ ಬಿಸಿ ಅನ್ನವಿತ್ತು.
ಖಮೀಸ್ ಸಾಹೇಬರು ಫೋನಿನಲ್ಲಿ ವೈರಸ್ಸೇ? ಎಂದರು.
ಇರಬಹುದು, ಎಂದೆ.

ಸುಡಾನಿನ ಬಾಬಿಕರ್ ಇಣುಕಿದ, ಮೀಸೆಯ ಮೇಲೆ ಹಿಮ,
ಕೈಯಲ್ಲಿ ಕಪ್ಪು ಮಾರ್ಕರು.
ಬರೆದುಬಿಡಲೇ?
ಗಡಿಯವರು ಕೈಬರಹ ಒಪ್ಪುವುದಿಲ್ಲ, ಎಂದೆ.
ನಮ್ಮೂರಲ್ಲಿ ಈಗ ಗೋರಿಗೂ ಕೈಬರಹವೇ, ಎಂದು ನಕ್ಕ,
ನಗು ಅರ್ಧಕ್ಕೆ ಬಿಟ್ಟು ಒಳಗೆ ಹೋದ.

ಖಾರಿಯ ಆಚೆ ದಡದಲ್ಲಿ, ಹಡಗು ಕಟ್ಟುವಲ್ಲಿ, ಒಂದೇ ದೀಪ.
ಅಲ್ಲಿಯ ಮುದುಕ ಬಡಗಿ ಒಮ್ಮೆ ಹೇಳಿದ್ದ:
ತೇಗದ ಹಲಗೆ ನಿಮ್ಮ ಕಡೆಯದು,
ಹುರಿ ನಿಮ್ಮ ತೆಂಗಿನದು,
ಮೊಳೆ ಹೊಡೆಯದೆ ಹೊಲಿಯುತ್ತಿದ್ದರು ನಮ್ಮ ಅಜ್ಜಂದಿರು.
ಹಾಗಾದರೆ ನಿಮ್ಮದೇನು? ಎಂದೆ.
ಗಂಟು, ಎಂದ.

ಎರಡೂವರೆ.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಇಲ್ಲಿ ಹಾವೇ ಕೋಲಿಗೆ ಸುತ್ತಿಕೊಂಡು ಕೂತಿದೆ.

ಆಗ ನೆನಪಾದದ್ದು ನಮ್ಮ ರೂಮಿನ ಅಡುಗೆಮನೆ.
ಹುಮನಾಬಾದಿನ ಶರಣಬಸಪ್ಪ ಒಗ್ಗರಣೆಗೆ ನಿಂತರೆ
ಭಟ್ಕಳದ ಮುಝಮ್ಮಿಲ್ ಮೀನು ಹಿಡಿದು ಬಾಗಿಲಲ್ಲಿ.
ಒಂದೇ ಒಲೆ, ಒಂದೇ ಬಾಣಲೆ, ಆರು ತಿಂಗಳ ಮೌನ.
ಇವನು ಬದಲಾಗಲಿ, ಇಲ್ಲ ಅವನು, ಎಂದು
ಪಂಚಾಯಿತಿ ಮಾಡಿ ಸೋತವನು ನಾನು.
ಕೊನೆಗೆ ಮುಝಮ್ಮಿಲ್ ಹನ್ನೊಂದು ರಿಯಾಲಿಗೆ
ಇನ್ನೊಂದು ಒಲೆ ತಂದು ಬಾಲ್ಕನಿಯಲ್ಲಿಟ್ಟ.
ಯಾರೂ ಬದಲಾಗಲಿಲ್ಲ.
ಈಗ ಉಪ್ಪಿನಕಾಯಿ ಮಾತ್ರ ಆಚೀಚೆ ಓಡಾಡುತ್ತದೆ.

ಲೇಬಲಿಗೆ ಒಂದು ಕೋಣೆ ಕಟ್ಟಿಕೊಟ್ಟೆ.
ಅದರ ಹಳೆಯ ಲೈಬ್ರರಿ, ಹಳೆಯ ಹಠ ಅದರೊಳಗೇ ಇರಲಿ.
ತಕ್ಕಡಿ ಹೊರಗೆ, ಹೊಸದರ ಜೊತೆ.
ನಡುವೆ ಒಂದು ಕಿಂಡಿ, ತೂಕದ ಅಂಕಿ ದಾಟುವಷ್ಟೇ.
ಗಂಟು ಹಾಕಿದೆ, ಎಳೆದು ನೋಡಿದೆ.

ಮೂರೂಕಾಲಿಗೆ ಪ್ರಿಂಟರು ಕೆಮ್ಮಿತು.
ಕನ್‌ಅದ್, ಹನ್ನೆರಡು ಕಿಲೋ ನಾನೂರು,
ಕನ್‌ಅದ್, ಹನ್ನೊಂದು ಕಿಲೋ ಒಂಬೈನೂರು.
ಬಾಬಿಕರ್ ಅಂಟಿಸುತ್ತ ಹೋದ, ಗ್ಲೌಸ್ ಕಳಚಿ, ಬರಿಗೈಯಲ್ಲಿ.

ಫೈಲಿನ ನೆತ್ತಿಯಲ್ಲಿ ಬರೆದಿಟ್ಟೆ: ಇದನ್ನು ಮುಟ್ಟಬೇಡಿ.
ಮುಂದೆ ಬರುವವನಿಗೆ, ಬಹುಶಃ ನನಗೇ.
ಕಾರಣ ಬರೆಯಹೊರಟು ಬಿಟ್ಟೆ.
ಅರ್ಧ ನನಗೂ ಗೊತ್ತಿಲ್ಲ,
ಉಳಿದರ್ಧ ಬಿಸಿ ಅನ್ನದ ಸಂಗತಿ.

ಬಾಂಗಿಗೆ ಮುಂಚೆಯೇ ಲಾರಿ ಹೊರಟಿತು.
ಹಿಂಬದಿಯ ಒಂದು ಪೆಟ್ಟಿಗೆಯ ಮೇಲೆ
ಲೇಬಲಿನ ಪಕ್ಕದಲ್ಲಿ ಕಪ್ಪು ಮಾರ್ಕರು, ಅರಬ್ಬಿಯಲ್ಲಿ ಒಂದೇ ಪದ.
ಹೆಸರಿರಬೇಕು.
ನನಗೆ ಓದಲು ಬರುವುದಿಲ್ಲ.